ಬೆಕ್ಕಿಗೆ ಶುಗರ್ ಬಂದಿದೆ, ಯಾವ ಇನ್ಸುಲಿನ್ ತಗೊಳ್ಳೋದು, ಹೇಗೆ ಕೊಡೋದು?

ಗುಂಡನಮ್ಮ:
ಎಲ್ರಿಗೂ ನಮಸ್ಕಾರ, ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬರೀಲೇಬೇಕಾಯ್ತು. ನಮ್ಮ ಗುಂಡನಿಗೆ 11 ವರ್ಷ, ಗಂಡು, ಚಿಕ್ಕವನಿದ್ದಾಗ್ಲೇ ಆಪರೇಷನ್ ಆಗಿದೆ, ಹೆಸರಿಗೆ ತಕ್ಕ ಹಾಗೆ 7 ಕೆಜಿ ಇದ್ದ. ಎರಡು ತಿಂಗಳಿಂದ ನೀರು ಕುಡಿಯೋದೇ ಕುಡಿಯೋದು, ಲಿಟರ್ ಟ್ರೇ ದಿನಾ ಕೆಸರುಗದ್ದೆ, ತಿನ್ನೋದು ಮೊದಲಿಗಿಂತ ಜಾಸ್ತಿ ಆದ್ರೆ ಮೈ ಇಳೀತಾ ಇದೆ, ಈಗ 5.6 ಕೆಜಿ. ವಯಸ್ಸಾಯ್ತಲ್ಲ ಅಂದ್ಕೊಂಡು ಸುಮ್ನಿದ್ದೆ ನೋಡಿ, ಅದೇ ತಪ್ಪಾಯ್ತು. ಹೋದ ವಾರ ನೋಡ್ತೀನಿ, ಹಿಂಗಾಲು ಮೊಲದ ಥರ ಹಿಮ್ಮಡಿ ತನಕ ನೆಲಕ್ಕೆ ಊರ್ಕೊಂಡು ನಡೀತಿದಾನೆ, ಎದೆ ಧಸಕ್ ಅಂತು.

ಡಾಕ್ಟ್ರು ರಕ್ತ ನೋಡಿ ಶುಗರ್ 412 ಅಂದ್ರು, ಮೂತ್ರದಲ್ಲೂ ಇದೆ, ಮೈ ಕೊಬ್ಬು ಉರಿಸಿದಾಗ ಬರೋ ಕೀಟೋನ್ ಮಾತ್ರ ಇಲ್ಲ. ಆಸ್ಪತ್ರೆಗೆ ಬಂದ ಹೆದರಿಕೆಗೇ ಬೆಕ್ಕಿನ ಶುಗರ್ ಏರಿಬಿಡುತ್ತಂತೆ, ಅದಕ್ಕೆ ಫ್ರಕ್ಟೋಸಮೈನ್ ಅಂತ ಇನ್ನೊಂದು ಟೆಸ್ಟ್ ಮಾಡಿಸಿದ್ರು, ಅದು ಹಿಂದಿನ ಒಂದೆರಡು ವಾರದ ಲೆಕ್ಕ ಹೇಳುತ್ತಂತೆ, ಅದೂ ಜಾಸ್ತಿ ಬಂತು, ಅಲ್ಲಿಗೆ ಖಾತ್ರಿ. ಈಗ ಗ್ಲಾರ್ಜಿನ್ ಇಲ್ಲಾ ಪ್ರೋಜಿಂಕ್, ಈ ಎರಡು ಇನ್ಸುಲಿನ್‌ನಲ್ಲಿ ಒಂದು ಶುರು ಮಾಡೋಣ, ನಿಮ್ಗೆ ಯಾವುದು ಅನುಕೂಲ ನೋಡ್ಕೊಂಡು ನಾಳೆ ಹೇಳಿ ಅಂದ್ರು. ನಾನೇನ್ ಹೇಳ್ಲಿ ಹೇಳಿ, ನಂಗೆ ಸೂಜಿ ಕಂಡ್ರೇ ಕೈಕಾಲು ತಣ್ಣಗಾಗುತ್ತೆ. ಇನ್ನೊಂದು ವಿಷ್ಯ, ನಮ್ಮಪ್ಪಂಗೂ ಶುಗರ್ ಇದೆ, ಅವರ ಸಿರಿಂಜ್ ಒಂದು ಪ್ಯಾಕೆಟ್ ಪೂರ್ತಿ ಮನೇಲಿ ಉಳಿದಿದೆ. ಅದನ್ನೇ ಗುಂಡನಿಗೆ ಬಳಸಬಹುದಲ್ವಾ?

ರಾತ್ರಿಪಾಳಿ:
ಮೊದ್ಲು ಉಸಿರು ಬಿಡಿ ಮೇಡಂ. ಸೂಜಿ ಭಯ ನಂಗೂ ಇತ್ತು, ಈಗ ಮೂರು ವರ್ಷದಿಂದ ದಿನಕ್ಕೆರಡು ಸಲ ಚುಚ್ತಾ ಇದೀನಿ. ಈ ಸೂಜಿ ಕೂದಲೆಳೆ ಥರ ಇರುತ್ತೆ, ನಮ್ಮನೆಯವಳು ತಟ್ಟೆಗೆ ಮುಖ ಹಾಕಿದ್ರೆ ತಲೆ ಎತ್ತಿ ಕೂಡ ನೋಡಲ್ಲ. ಕಿವಿಗೆ ಡ್ರಾಪ್ಸ್ ಹಾಕೋದು ಇದಕ್ಕಿಂತ ಹತ್ತು ಪಾಲು ಕಷ್ಟ, ನಿಜವಾಗ್ಲೂ.

ಹಿಂಗಾಲಿನ ವಿಷ್ಯ, ಅದು ಶುಗರ್ ಜಾಸ್ತಿಯಾಗಿ ನರಕ್ಕೆ ಬಿದ್ದ ಪೆಟ್ಟು. ಶುಗರ್ ಹಿಡಿತಕ್ಕೆ ಬಂದ್ರೆ ತುಂಬಾ ಬೆಕ್ಕುಗಳಲ್ಲಿ ಸರಿ ಹೋಗುತ್ತೆ, ಆದ್ರೆ ವಾರದಲ್ಲಿ ಅಲ್ಲ, ತಿಂಗಳುಗಟ್ಲೆ ಬೇಕು.

ನಮ್ಮದು ಗ್ಲಾರ್ಜಿನ್. ಚೆನ್ನಾಗೇ ಇದೆ. ಹಾಗಂತ ನಿಮ್ದಕ್ಕೂ ಅದೇ ಸರಿ ಅಂತ ನಾನು ಹೇಳಲ್ಲ.

ಮೂರುಬೆಕ್ಕಿನಜ್ಜಿ:
ಮಗಳೇ, ಯಾವ ಇನ್ಸುಲಿನ್ ಅನ್ನೋದು ಆಮೇಲೆ ನೋಡೋಣ, ಮೊದ್ಲು ಆ ಸಿರಿಂಜ್ ಪ್ಯಾಕೆಟ್ ಮೇಲೆ ಏನ್ ಬರೆದಿದೆ ನೋಡಿ ಹೇಳು. ಯು-40 ಅಂತ ಇದೆಯೋ ಯು-100 ಅಂತ ಇದೆಯೋ? ನೋಡೋ ತನಕ ಅದನ್ನ ಮುಟ್ಬೇಡ.

ಯಾಕೆ ಹೀಗೆ ಗದರ್ತಿದೀನಿ ಅಂದ್ರೆ ನಾನು ಮಾಡ್ಕೊಂಡಿದೀನಿ ಈ ಎಡವಟ್ಟು. ನಮ್ಮ ನಡುವಿನವಳಿಗೆ ಶುಗರ್ ಬಂದಾಗ ಡಾಕ್ಟ್ರು ಗ್ಲಾರ್ಜಿನ್ 1 ಯುನಿಟ್ ಅಂದ್ರು, ಬಾಟ್ಲಿ ತಂದೆ, ಅದರ ಜೊತೆ ತಂದ ಸಿರಿಂಜ್ ಮುಗೀತು, ನಮ್ಮ ಯಜಮಾನರ ಡ್ರಾಯರ್‌ನಲ್ಲಿ ಇದ್ದದ್ದು ತಗೊಂಡೆ, ಸಿರಿಂಜ್ ಅಂದ್ರೆ ಸಿರಿಂಜ್ ಅಲ್ವಾ ಅಂತ. ಒಂದರ ಗೆರೆ ತನಕ ಎಳೆದೆ, ಕೊಟ್ಟೆ. ಮಧ್ಯಾಹ್ನ ನೋಡಿದ್ರೆ ಕುಡಿದವರ ಥರ ತೂರಾಡ್ತಿದಾಳೆ, ಕಣ್ಣು ಎಲ್ಲೋ ನೋಡ್ತಿದೆ. ಬೆರಳಿಗೆ ಜೇನುತುಪ್ಪ ಹಚ್ಕೊಂಡು ವಸಡಿಗೆ ಉಜ್ಜಿ ಹಾಗೇ ಆಸ್ಪತ್ರೆಗೆ ಓಡಿದೆ, ರಾತ್ರಿಯೆಲ್ಲಾ ಗ್ಲೂಕೋಸ್ ಡ್ರಿಪ್. ಉಳ್ಕೊಂಡ್ಲು, ಪುಣ್ಯ. ಆ ಸಿರಿಂಜ್ ಯು-40, ಔಷಧಿ ಯು-100. ನಾನು ಕೊಟ್ಟಿದ್ದು 1 ಅಲ್ಲ, ಎರಡೂವರೆ ಯುನಿಟ್.

ವೆಟ್‌ಓದೋಹುಡುಗ:
ಅಜ್ಜಿ ಹೇಳಿದ್ದು ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು, ಲೆಕ್ಕ ಬಿಡಿಸಿ ಹೇಳ್ತೀನಿ. ಯು-40 ಅಂದ್ರೆ ಒಂದು ಎಂಎಲ್ ಔಷಧಿಯಲ್ಲಿ 40 ಯುನಿಟ್, ಯು-100 ಅಂದ್ರೆ ಅದೇ ಒಂದು ಎಂಎಲ್‌ನಲ್ಲಿ 100 ಯುನಿಟ್. ಸಿರಿಂಜ್ ಮೇಲಿನ ಗೆರೆಗಳು ಎಂಎಲ್ ಲೆಕ್ಕದ್ದಲ್ಲ, ಆಯಾ ಔಷಧಿಯ ಯುನಿಟ್ ಲೆಕ್ಕದ್ದು. ಯು-40 ಸಿರಿಂಜ್‌ನ ಒಂದು ಯುನಿಟ್ ಜಾಗದಲ್ಲಿ ಯು-100 ಔಷಧಿ ತುಂಬಿದ್ರೆ 2.5 ಯುನಿಟ್ ಹಿಡಿಸುತ್ತೆ. ಉಲ್ಟಾ ಮಾಡಿದ್ರೆ, ಅಂದ್ರೆ ಯು-40 ಔಷಧಿಯನ್ನ ಯು-100 ಸಿರಿಂಜ್‌ನಲ್ಲಿ ಎಳೆದ್ರೆ 0.4 ಯುನಿಟ್ ಅಷ್ಟೇ ಹೋಗುತ್ತೆ, ಬೆಕ್ಕಿಗೆ ತಕ್ಷಣಕ್ಕೆ ಏನೂ ಆಗಲ್ಲ ಆದ್ರೆ ಔಷಧಿ ಕೆಲ್ಸಾನೂ ಮಾಡಲ್ಲ, ಎಲ್ರೂ ಸುಮ್ನೆ ಡೋಸ್ ಏರಿಸ್ತಾ ಹೋಗ್ತಾರೆ.

ಪ್ರೋಜಿಂಕ್ ಯು-40. ಕ್ಯಾನಿನ್ಸುಲಿನ್, ಅದನ್ನೇ ಕೆಲವು ಕಡೆ ವೆಟ್ಸುಲಿನ್ ಅಂತ ಮಾರ್ತಾರೆ, ಅದೂ ಯು-40. ಗ್ಲಾರ್ಜಿನ್ ಅಂದ್ರೆ ಲ್ಯಾಂಟಸ್ ಮತ್ತೆ ಅದರ ಜೊತೆಯವು ಯು-100. ಟೂಜಿಯೋ ಅಂತ ಒಂದಿದೆ, ಅದೂ ಗ್ಲಾರ್ಜಿನ್ನೇ, ಆದ್ರೆ ಯು-300, ಮೂರು ಪಾಲು ಗಟ್ಟಿ. ಅದರ ಪೆನ್ನಿಂದ ಸಿರಿಂಜ್‌ಗೆ ಎಳೆಯೋ ಸಾಹಸ ಯಾರೂ ಮಾಡಬೇಡಿ. ಮುಚ್ಚಳದ ಬಣ್ಣ ನೋಡಿ ನಂಬೋದೂ ಬೇಡ, ಬರೆದಿರೋದನ್ನ ಓದಿ.

ಗುಂಡನಮ್ಮ:
ಓದಿ ಬಂದೆ. ಯು-40. ಕೈ ನಡುಗ್ತಿದೆ. ನಾನು ಗ್ಲಾರ್ಜಿನ್ ಅಂತ ಮನಸ್ಸು ಮಾಡಿದ್ದೆ, ಅಪ್ಪನ ಸಿರಿಂಜ್‌ನಲ್ಲೇ ಕೊಡ್ತಿದ್ದೆ.

ಮೂರುಬೆಕ್ಕಿನಜ್ಜಿ:
ಕೊಡಲಿಲ್ಲ ಅಲ್ವಾ, ಬಿಡು. ಆ ಪ್ಯಾಕೆಟ್ ಗುಂಡನ ಸಾಮಾನಿನ ಹತ್ರ ಇಡ್ಲೇಬೇಡ, ಅಪ್ಪನ ಕೋಣೆಗೇ ವಾಪಸ್ ಕಳ್ಸು.

ಕಂಬಳಿಹುಳ:
ಇಷ್ಟೆಲ್ಲಾ ರಾಮಾಯಣ ಯಾಕೆ, ಈಗ ಮಾತ್ರೆ ಬಂದಿದೆಯಲ್ಲ? ಬೆಕ್ಸಾಕ್ಯಾಟ್ ಅಂತ, ದಿನಕ್ಕೊಂದು, ಸೂಜಿನೇ ಇಲ್ಲ. ಬಾಯಿಗೆ ಹಾಕೋ ದ್ರವಾನೂ ಇದೆ, ಸೆನ್ವೆಲ್ಗೋ. ಇವರ ಡಾಕ್ಟ್ರು ಅದನ್ನ ಯಾಕೆ ಹೇಳಿಲ್ಲ ಕೇಳಿ. ಹಳೇ ಕಾಲದವರು ಇರ್ಬೇಕು.

ವೆಟ್‌ಓದೋಹುಡುಗ:
ಅದು ಇನ್ಸುಲಿನ್ ಬದಲಿಗೆ ಎಲ್ಲಾ ಬೆಕ್ಕಿಗೂ ಕೊಡೋ ವಸ್ತು ಅಲ್ಲ ಸರ್. ಬೆಕ್ಸಾಕ್ಯಾಟ್‌ನಲ್ಲಿರೋ ಬೆಕ್ಸಾಗ್ಲಿಫ್ಲೋಜಿನ್‌ಗೆ ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ತು, ಸೆನ್ವೆಲ್ಗೋದಲ್ಲಿರೋ ವೆಲಾಗ್ಲಿಫ್ಲೋಜಿನ್‌ಗೆ 2023ರಲ್ಲಿ. ಎರಡೂ ಮೂತ್ರಪಿಂಡದ ಮೂಲಕ ಶುಗರ್ ಹೊರಗೆ ಹಾಕಿಸುತ್ವೆ, ಆದ್ರೆ ಮೈಯಲ್ಲಿ ಸ್ವಲ್ಪನಾದ್ರೂ ಸ್ವಂತ ಇನ್ಸುಲಿನ್ ಹುಟ್ಟುತ್ತಿರಬೇಕು. ಹುಟ್ಟದ ಬೆಕ್ಕಿಗೆ ಕೊಟ್ರೆ ಕೀಟೋನ್ ಏರಿ, ರಕ್ತ ಹುಳಿಯಾಗಿ ಜೀವಕ್ಕೇ ಕುತ್ತು ತರೋ ಕೀಟೋಆಸಿಡೋಸಿಸ್ ಆಗುತ್ತೆ, ಅದೂ ಶುಗರ್ ನಾರ್ಮಲ್ ತೋರಿಸ್ತಿರುವಾಗ್ಲೇ, ಅದೇ ಅದರ ಅಪಾಯ, ಮೀಟರ್ ನೋಡಿ ಎಲ್ಲಾ ಚೆನ್ನಾಗಿದೆ ಅಂದ್ಕೊಂಡು ಕೂತಿರ್ತೀರ. ಮುಂಚೆ ಇನ್ಸುಲಿನ್ ತಗೊಂಡಿರೋ ಬೆಕ್ಕಿಗೆ ಬೆಕ್ಸಾಕ್ಯಾಟ್ ಕೊಡಬಾರ್ದು ಅಂತ ಅದರ ಲೇಬಲ್ಲೇ ಹೇಳುತ್ತೆ. ಊಟ ಬಿಟ್ಟಿರೋ, ಸೊರಗಿರೋ ಬೆಕ್ಕಿಗೆ ಇದು ಬೇಡ. ಗುಂಡ ಸುಮಾರು ತೂಕ ಕಳ್ಕೊಂಡಿದಾನೆ, ಡಾಕ್ಟ್ರು ಇನ್ಸುಲಿನ್ ಅಂದಿದ್ದಕ್ಕೆ ಕಾರಣ ಇರುತ್ತೆ. ಕೇಳೋದಂತೂ ಕೇಳಿ, ತಪ್ಪಿಲ್ಲ.

ಕಂಬಳಿಹುಳ:
ಸರಿ ಒಪ್ಪಿದೆ. ನಮ್ಮ ಬೆಕ್ಕಿಗೆ ಚೆನ್ನಾಗಿ ಆಯ್ತು ಅಂತ ಹೇಳ್ದೆ ಅಷ್ಟೆ. ಅದಕ್ಕೂ ಮೊದ್ಲು ಸಾಲುಸಾಲು ಟೆಸ್ಟ್ ಮಾಡಿಸಿದ್ರು, ಅದನ್ನ ಬರೀಲಿಲ್ಲ ನಾನು.

ರಾತ್ರಿಪಾಳಿ:
ಈಗ ಗ್ಲಾರ್ಜಿನ್ನಾ ಪ್ರೋಜಿಂಕಾ ಅನ್ನೋ ಪ್ರಶ್ನೆಗೆ ಬರೋಣ. ನಂಗೆ ಗೊತ್ತಿರೋದು ಇಷ್ಟು. ಗ್ಲಾರ್ಜಿನ್ ಮನುಷ್ಯರಿಗೆ ಅಂತ ಬಂದದ್ದು, ಬಾಟ್ಲಿಯೊಳಗೆ ಹುಳಿ ದ್ರವ, ಚರ್ಮದ ಕೆಳಗೆ ಹೋದ್ಮೇಲೆ ಹುಳಿ ಕಳ್ಕೊಂಡು ಸಣ್ಣ ಸಣ್ಣ ಕಣ ಆಗುತ್ತೆ, ಆ ಕಣ ಕರಗ್ತಾ ಕರಗ್ತಾ ನಿಧಾನಕ್ಕೆ ಇನ್ಸುಲಿನ್ ಬಿಡುತ್ತೆ. ಅದಕ್ಕೇ ಅದಕ್ಕೆ ನೀರು, ಸಲೈನ್, ಬೇರೆ ಇನ್ಸುಲಿನ್ ಏನೂ ಬೆರೆಸೋ ಹಾಗಿಲ್ಲ, ಬೆರೆಸಿದ್ರೆ ಬಾಟ್ಲಿಯಲ್ಲೇ ಕಥೆ ಮುಗೀತು. ಪ್ರೋಜಿಂಕ್ ಬೆಕ್ಕಿಗೆ ಅಂತಲೇ 2009ರಲ್ಲಿ ಒಪ್ಪಿಗೆ ಸಿಕ್ಕಿರೋದು, ಪ್ರೋಟಮೈನ್ ಮತ್ತೆ ಜಿಂಕ್ ಸೇರಿಸಿ ನಿಧಾನ ಮಾಡಿದ್ದು. ಎರಡೂ ಬೆಕ್ಕಿಗೆ ಒಗ್ಗುತ್ವೆ. ಎರಡನ್ನೂ 12 ಗಂಟೆಗೊಂದ್ಸಲ ಕೊಡ್ತಾರೆ. ಇದು ಶ್ರೇಷ್ಠ ಅದು ಕನಿಷ್ಠ ಅಂತ ಜಗಳ ಆಡೋರನ್ನ ಬೇಕಾದಷ್ಟು ನೋಡಿದೀನಿ, ಅವರ ಬೆಕ್ಕಿಗೆ ಯಾವುದು ಒಗ್ಗಿತೋ ಅದೇ ಶ್ರೇಷ್ಠ.

ನಿಮ್ಗೆ ಸಲೀಸಾಗಿ, ತಪ್ಪದೆ ಸಿಗೋದು ಯಾವುದು ಅಂತ ನೋಡಿ. ಮುಂದಿನ ತಿಂಗಳು ಸಿಗಲ್ಲ ಅನ್ನೋ ಇನ್ಸುಲಿನ್ ಎಷ್ಟು ಒಳ್ಳೇದಿದ್ರೂ ಏನ್ ಬಂತು? ಲೆವೆಮಿರ್ ಅನ್ನೋ ಇನ್ನೊಂದು ಇನ್ಸುಲಿನ್ ಬಳಸ್ತಿದ್ದ ಬೆಕ್ಕಿನವರನ್ನ ಕೇಳಿ, ಅಮೆರಿಕದಲ್ಲಿ 2024ರ ಕೊನೆಗೆ ಅದನ್ನ ನಿಲ್ಲಿಸಿಬಿಟ್ರು, ಎಲ್ರೂ ಹೊಸದಕ್ಕೆ ಬದಲಾಯಿಸ್ಬೇಕಾಯ್ತು, ಮತ್ತೆ ಮೊದಲಿಂದ ಲೆಕ್ಕ.

ಪಾಪುವಿನಪ್ಪ:
ನಾವು ಕ್ಯಾನಿನ್ಸುಲಿನ್‌ನಲ್ಲಿ ಶುರು ಮಾಡಿದ್ದು. ಅದು ಹಂದಿಯ ಇನ್ಸುಲಿನ್, ನಾಯಿಯ ಇನ್ಸುಲಿನ್‌ಗೆ ಹಂದಿಯದು ಪೂರಾ ಹೊಂದುತ್ತಂತೆ, ಬೆಕ್ಕಿನದಕ್ಕೆ ಹತ್ರ ಇರೋದು ಹಸುವಿನದಂತೆ, ಒಂದೇ ಒಂದು ಅಮೈನೋ ಆಸಿಡ್ ವ್ಯತ್ಯಾಸ. ತಮಾಷೆ ಅನ್ಸುತ್ತೆ, ನಮ್ಮ ಪಾಪುಗೆ ಹಸುವಿನ ಮೇಲೆ ವಿಪರೀತ ದ್ವೇಷ. ಇರ್ಲಿ, ವಿಷ್ಯಕ್ಕೆ ಬರ್ತೀನಿ, ಪಾಪುಗೆ ಅದು ಎಂಟು ಗಂಟೆಗೇ ತೀರಿ ಹೋಗ್ತಿತ್ತು, ಆಮೇಲೆ ನಾಲ್ಕು ಗಂಟೆ ಶುಗರ್ ಮುಗಿಲು ಮುಟ್ತಿತ್ತು. ಬೆಳಗ್ಗೆ ಸೂಜಿ ಕೊಡೋ ಮುಂಚೆ 380, 390 ಹೀಗೆ. ನಾನು ಮಾಡಿದ ಮಹಾಕಾರ್ಯ ಏನು ಅಂದ್ರೆ ಬೆಳಗ್ಗಿನ ನಂಬರ್ ನೋಡ್ಕೊಂಡು ಎರಡು ದಿನಕ್ಕೊಮ್ಮೆ ಅರ್ಧ ಅರ್ಧ ಯುನಿಟ್ ಏರಿಸಿದ್ದು, ಡಾಕ್ಟ್ರಿಗೂ ಹೇಳ್ದೆ, 1ರಿಂದ 3.5ಕ್ಕೆ ಬಂದೆ. ಒಂದಿನ ಮಧ್ಯಾಹ್ನ ಯಾಕೋ ಪಾಪು ಮಂಕಾಗಿದಾನೆ ಅಂತ ಚುಚ್ಚಿ ನೋಡಿದ್ರೆ 46!! ಬೆಳಗ್ಗೆ 380, ಮಧ್ಯಾಹ್ನ 46. ನಾನು ಬೆಟ್ಟದ ತುದಿ ಮಾತ್ರ ನೋಡ್ತಿದ್ದೆ, ಕಣಿವೆ ನೋಡೇ ಇರ್ಲಿಲ್ಲ.

ಗುಂಡನಮ್ಮ:
ಅಯ್ಯೋ. ಹಾಗಾದ್ರೆ ಯಾವಾಗ ನೋಡೋದು?

ವೆಟ್‌ಓದೋಹುಡುಗ:
ಸೂಜಿ ಕೊಡೋ ಮುಂಚೆ ಒಂದ್ಸಲ, ಅದು ಕೊಡೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ. ಆಮೇಲೆ ಮಧ್ಯದಲ್ಲಿ, ಶುಗರ್ ತೀರಾ ಕೆಳಗೆ ಬರೋ ಹೊತ್ತಲ್ಲಿ. ಡೋಸ್ ತೀರ್ಮಾನ ಆಗೋದು ಆ ಕೆಳಗಿನ ನಂಬರ್ ಮೇಲೆ. ಕ್ಯಾನಿನ್ಸುಲಿನ್‌ಗೆ ಸುಮಾರು 4 ಗಂಟೆ ಹೊತ್ತಿಗೆ, ಪ್ರೋಜಿಂಕ್‌ಗೆ 5ರಿಂದ 7 ಗಂಟೆ, ಗ್ಲಾರ್ಜಿನ್‌ಗೆ ಬೆಕ್ಕಿಂದ ಬೆಕ್ಕಿಗೆ ತುಂಬಾ ಬೇರೆಯಾಗುತ್ತೆ. ಅದಕ್ಕೆ ಮೊದಮೊದಲು ಒಂದು ಇಡೀ ದಿನ ಎರಡೆರಡು ಗಂಟೆಗೊಮ್ಮೆ ನೋಡಿ ಬರ್ಕೊಳ್ಳಿ, ಅದನ್ನೇ ಕರ್ವ್ ಅನ್ನೋದು. ಆಸ್ಪತ್ರೆಯಲ್ಲಿ ಮಾಡಿಸಿದ ಕರ್ವ್‌ಗಿಂತ ಮನೇದು ವಾಸಿ, ಹೆದರಿಕೆ ಇರಲ್ಲ.

ಒಂದು ಡೋಸ್ ಮೈಗೆ ಹೊಂದ್ಕೊಳ್ಳೋಕೆ ಐದರಿಂದ ಏಳು ದಿನ ಬಿಡಬೇಕು. ಬೆಕ್ಕಿಗೆ ಸಾಮಾನ್ಯವಾಗಿ ಶುರು ಮಾಡೋದೇ 12 ಗಂಟೆಗೆ 1 ಯುನಿಟ್ ಆಸುಪಾಸು, ದೊಡ್ಡ ಬೆಕ್ಕಾದ್ರೂ 2 ದಾಟಿಸಲ್ಲ. ಏರಿಸೋದು ಇಳಿಸೋದು ಡಾಕ್ಟ್ರ ಜೊತೆ ಮಾತಾಡಿನೇ. ಏರಿಸಿ ಏರಿಸಿ ಕೆಜಿಗೆ ಒಂದೂವರೆ ಯುನಿಟ್ ದಾಟಿದ್ರೂ ಬಗ್ಗಲಿಲ್ಲ ಅಂದ್ರೆ ಬೇರೆ ಕಾರಣ ಹುಡುಕಬೇಕು, ಹಲ್ಲಿನ ಸೋಂಕು, ಮೂತ್ರದ ಸೋಂಕು, ಪ್ಯಾಂಕ್ರಿಯಾಸ್ ಊತ, ಸ್ಟೀರಾಯ್ಡ್, ಬೆಳವಣಿಗೆ ಹಾರ್ಮೋನ್ ಜಾಸ್ತಿಯಾಗೋ ಆಕ್ರೋಮೆಗಲಿ. ಕೊನೇದಕ್ಕೆ ಐಜಿಎಫ್-1 ಅನ್ನೋ ಟೆಸ್ಟ್ ಇದೆ.

ಕಂಬಳಿಹುಳ:
ಪಾಪು ಅಪ್ಪನ ಕೇಸ್ ರಿಬೌಂಡ್ ಅಲ್ವಾ? ಶುಗರ್ ತೀರಾ ಇಳಿದು ಆಮೇಲೆ ಮೈಯೇ ಹೆದರಿ ಏರಿಸೋದು. ಸೊಮೋಗಿ ಅಂತಾರಲ್ಲ.

ವೆಟ್‌ಓದೋಹುಡುಗ:
ಮೊದಲೆಲ್ಲಾ ಬೆಳಗ್ಗೆ ಜಾಸ್ತಿ ಬಂದ್ರೆ ಸಾಕು ಸೊಮೋಗಿ ಅಂತಿದ್ರು. ಈಗ ಅದು ಬೆಕ್ಕುಗಳಲ್ಲಿ ಅಪರೂಪ ಅಂತಾರೆ, ಹೆಚ್ಚಿನ ಸಲ ಔಷಧಿ ಬೇಗ ತೀರಿಹೋಗಿರೋದೇ ಕಾರಣ. ಪಾಪುಗೆ ಎರಡೂ ಆಗಿರಬಹುದು, ಕರ್ವ್ ಇಲ್ದೆ ಹೇಳೋಕಾಗಲ್ಲ.

ಪಾಪುವಿನಪ್ಪ:
ಕರ್ವ್ ಮಾಡಿದ್ರು ಆಮೇಲೆ, ಬೇಗ ತೀರ್ತಿದ್ದದ್ದೇ. ಗ್ಲಾರ್ಜಿನ್‌ಗೆ ಬದಲಾಯಿಸಿದ್ವಿ. 1.5ಕ್ಕೇ ನಿಂತ.

ಗುಂಡನಮ್ಮ:
ನಾಲ್ಕನೇ ದಿನದ ವರದಿ. ಡಾಕ್ಟ್ರ ಹತ್ರ ಮಾತಾಡಿ ಗ್ಲಾರ್ಜಿನ್ನೇ ಅಂತಾಯ್ತು, ಯು-100 ಸಿರಿಂಜ್, 0.3 ಎಂಎಲ್‌ದು, ಅರ್ಧ ಯುನಿಟ್ ಗೆರೆ ಇರೋದೇ ಹುಡುಕಿ ತಂದೆ. ಅಂಗಡಿಯವರು ಪೆನ್ ತಗೊಳ್ಳಿ ಸುಲಭ ಅಂದ್ರು, ಪೆನ್ ವಾಸಿನಾ? ಇನ್ನೊಂದು, ಇವತ್ತು ಬೆಳಗ್ಗೆ ಚುಚ್ಚಿದ್ಮೇಲೆ ನೋಡಿದ್ರೆ ಕೂದಲು ಒದ್ದೆ, ಔಷಧಿ ವಾಸನೆ ಮೂಗಿಗೆ ಬಡೀತು. ಎಷ್ಟು ಒಳಗೆ ಹೋಯ್ತೋ ಎಷ್ಟು ಹೊರಗೋ ಗೊತ್ತಿಲ್ಲ. ಇನ್ನೊಂದ್ಸಲ ಕೊಡ್ಲಾ?

ರಾತ್ರಿಪಾಳಿ:
ಕೊಡಬೇಡಿ!! ಎಷ್ಟು ಹೋಯ್ತು ಗೊತ್ತಿಲ್ಲ ಅಂದ್ರೆ ಪೂರ್ತಿ ಹೋಯ್ತು ಅಂತಲೇ ತಿಳ್ಕೊಳ್ಳಿ, ಮುಂದಿನ ಹೊತ್ತಿಗೆ ಮಾಮೂಲಿ ಡೋಸ್. ಒಂದು ಹೊತ್ತು ಶುಗರ್ ಜಾಸ್ತಿ ಇದ್ರೆ ಬೆಕ್ಕು ಸಾಯಲ್ಲ, ಡಬಲ್ ಹೋದ್ರೆ ಸಾಯಬಹುದು. ಮರೆತ್ರೂ ಅಷ್ಟೆ, ಸಂಜೆ ಎರಡೂ ಸೇರಿಸಿ ಕೊಡೋದಿಲ್ಲ.

ನಮ್ಮನೇಲಿ ನಾವಿಬ್ರು, ಒಂದಿನ ನಾನು ಕೊಟ್ಟೆ, ಹೆಂಡ್ತಿ ಎದ್ದು ಬಂದು ಅವಳೂ ಕೊಡೋಕೆ ಹೊರಟಿದ್ಲು, ಅವತ್ತಿಂದ ಫ್ರಿಜ್ ಬಾಗಿಲ ಮೇಲೆ ಕ್ಯಾಲೆಂಡರ್, ಕೊಟ್ಟವರು ಟಿಕ್ ಹಾಕ್ಬೇಕು. ಟಿಕ್ ಇಲ್ಲ ಅಂದ್ರೂ ಮೊದ್ಲು ಕೇಳ್ಬೇಕು.

ಮೂರುಬೆಕ್ಕಿನಜ್ಜಿ:
ಕತ್ತಿನ ಹಿಂದೆ ಚುಚ್ತಿದೀಯಾ? ಅಲ್ಲಿ ಚರ್ಮ ದಪ್ಪ, ರಕ್ತ ಓಡಾಟ ಕಮ್ಮಿ. ಪಕ್ಕೆ ಹತ್ರ, ಇಲ್ಲಾ ಹೊಟ್ಟೆಯ ಪಕ್ಕದಲ್ಲಿ ಕೊಡು, ದಿನಾ ಒಂದೊಂದು ಜಾಗ, ಬೆಳಗ್ಗೆ ಎಡ ಸಂಜೆ ಬಲ ಅಂತ ನಾನು ಮಾಡ್ಕೊಂಡಿದೀನಿ. ಚರ್ಮ ಟೆಂಟ್ ಥರ ಎತ್ತಿದಾಗ ಆ ಕಡೆಯಿಂದ ಸೂಜಿ ಆಚೆ ಬಂದುಬಿಡುತ್ತೆ, ಅದೇ ನಿಂಗೆ ಆಗಿರೋದು. ತುಂಬಾ ಮೇಲಕ್ಕೆ ಎತ್ತಬೇಡ, ಬೆರಳ ಮಧ್ಯೆ ಸ್ವಲ್ಪ ಮಡಿಕೆ ಸಾಕು, ಸೂಜಿ ಮೈಗೆ ಓರೆಯಾಗಿ. ಉದ್ದ ಕೂದಲಿದ್ರೆ ಆ ಜಾಗದಲ್ಲಿ ಒಂಚೂರು ಟ್ರಿಮ್ ಮಾಡು, ಚರ್ಮ ಕಣ್ಣಿಗೆ ಕಾಣಲಿ.

ಮತ್ತೆ ಸ್ಪಿರಿಟ್ ಹಚ್ಚಿ ಒರೆಸೋದು ಬೇಕಾಗಿಲ್ಲ, ಆ ವಾಸನೆಗೇ ಅವು ಓಡ್ತವೆ. ಒಂದ್ಸಲ ಬಳಸಿದ ಸೂಜಿ ಮತ್ತೆ ಬಳಸಬೇಡ, ಮೊನೆ ಮೊಂಡಾಗಿರುತ್ತೆ, ಎರಡನೇ ಸಲ ಬೆಕ್ಕಿಗೆ ನೋವಾಗುತ್ತೆ, ಆಮೇಲೆ ನಿನ್ನ ಕಂಡ್ರೆ ಮಂಚದ ಕೆಳಗೆ ಹೋಗಿ ಕೂರುತ್ತೆ.

ವೆಟ್‌ಓದೋಹುಡುಗ:
ಪೆನ್ ಬಗ್ಗೆ: ಮನುಷ್ಯರ ಮಾಮೂಲಿ ಪೆನ್ ಒಂದೊಂದು ಯುನಿಟ್ ಲೆಕ್ಕದಲ್ಲೇ ತಿರುಗುತ್ತೆ, ಅರ್ಧ ಯುನಿಟ್ ಪೆನ್‌ಗಳು ಬೇರೆ ಇವೆ. ಬೆಕ್ಕಿಗೆ 1ರಿಂದ 1.5ಕ್ಕೆ ಹೋಗೋದೇ ದೊಡ್ಡ ಹೆಜ್ಜೆ, ಇನ್ನು 1ರಿಂದ 2ಕ್ಕೆ ಅಂದ್ರೆ ಎರಡು ಪಟ್ಟು. ಮತ್ತೆ ಪೆನ್ ಬಟನ್ ಒತ್ತಿ ಆರರಿಂದ ಹತ್ತು ಸೆಕೆಂಡಾದ್ರೂ ಹಾಗೇ ಹಿಡ್ಕೊಂಡಿರ್ಬೇಕು, ಅಷ್ಟು ಹೊತ್ತು ಕೂರೋ ಬೆಕ್ಕು ನಿಮ್ಮದಾದ್ರೆ ಅದೃಷ್ಟ. ಅದಕ್ಕೆ ತುಂಬಾ ಜನ ಸಿರಿಂಜ್‌ನಲ್ಲೇ ಇರ್ತಾರೆ. ಟೂಜಿಯೋ ಥರದ ಗಟ್ಟಿ ಇನ್ಸುಲಿನ್‌ನ ಪೆನ್‌ ಬಿಡಿ, ಲ್ಯಾಂಟಸ್ ಪೆನ್‌ ಕಾರ್ಟ್ರಿಜ್‌ನಿಂದಲೇ ಸಿರಿಂಜ್‌ಗೆ ಎಳೆಯೋರೂ ಇದಾರೆ, ಹಾಗೆ ಮಾಡೋದಾದ್ರೆ ಒಳಗೆ ಗಾಳಿ ತುಂಬಬಾರ್ದು, ಆಮೇಲೆ ಅದನ್ನ ಪೆನ್ನಾಗಿ ಬಳಸಲೂಬಾರ್ದು. ಡಾಕ್ಟ್ರು ತೋರಿಸಿಕೊಟ್ರೆ ಮಾತ್ರ ಮಾಡಿ.

ಗುಂಡನಮ್ಮ:
ಇಡೋದು ಎಲ್ಲಿ? ನಾನು ಫ್ರಿಜ್‌ನ ಬಾಗಿಲಲ್ಲಿ ಇಟ್ಟಿದೀನಿ, ಕೊಡೋ ಮುಂಚೆ ಚೆನ್ನಾಗಿ ಅಲ್ಲಾಡಿಸ್ತೀನಿ ಸಿರಪ್ ಥರ.

ರಾತ್ರಿಪಾಳಿ:
ಎರಡೂ ತಪ್ಪು ಮೇಡಂ, ಬೈಕೋಬೇಡಿ. ಬಾಗಿಲು ದಿನಕ್ಕೆ ಐವತ್ತು ಸಲ ತೆಗೀತೀವಿ, ಅಲ್ಲಿ ಬಿಸಿ ತಣ್ಣಗೆ ಆಗ್ತಾನೇ ಇರುತ್ತೆ, ಅಲುಗಾಡ್ತಾನೂ ಇರುತ್ತೆ. ಒಳಗಿನ ಮಧ್ಯದ ಅರೆಯಲ್ಲಿ, ಒಂದು ಡಬ್ಬಿಯೊಳಗೆ ಇಡಿ. ಹಿಂದಿನ ಗೋಡೆಗೆ ತಾಗಬಾರ್ದು, ಫ್ರೀಜರ್ ಹತ್ರನೂ ಬೇಡ, ಒಂದ್ಸಲ ಹೆಪ್ಪುಗಟ್ಟಿದ್ರೆ ಕರಗಿದ್ಮೇಲೆ ನೋಡೋಕೆ ಚೆನ್ನಾಗೇ ಕಾಣುತ್ತೆ ಆದ್ರೆ ಕೆಲ್ಸ ಮಾಡಲ್ಲ, ಎಸೀಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಲೆಕ್ಕ. ಊರಿಗೆ ಹೋಗುವಾಗ ಐಸ್ ಪ್ಯಾಕ್‌ಗೆ ನೇರ ತಾಗಿಸಿ ಇಟ್ಟು ನಾನೇ ಒಂದು ಬಾಟ್ಲಿ ಹಾಳು ಮಾಡಿದೀನಿ, ಈಗ ಬಟ್ಟೆ ಸುತ್ತಿ ಇಡ್ತೀನಿ.

ಅಲ್ಲಾಡಿಸೋದು ಒಂದೊಂದಕ್ಕೆ ಒಂದೊಂದು ಥರ. ಗ್ಲಾರ್ಜಿನ್ ನೀರಿನ ಥರ ತಿಳಿ, ಅದಕ್ಕೆ ಅಲ್ಲಾಡಿಸೋದೇ ಬೇಡ. ಮಬ್ಬಾಗಿದ್ರೆ, ಏನಾದ್ರೂ ತೇಲ್ತಿದ್ರೆ ಹಾಳಾಯ್ತು ಅಂತ. ಪ್ರೋಜಿಂಕ್ ಹಾಲಿನ ಥರ ಇರುತ್ತೆ, ಅದನ್ನ ಅಂಗೈಯಲ್ಲಿ ಮೆಲ್ಲಗೆ ಉರುಳಿಸೋದು. ಕ್ಯಾನಿನ್ಸುಲಿನ್‌ನ ಮಾತ್ರ ಪೂರ್ತಿ ಒಂದೇ ಸಮ ಹಾಲಿನ ಥರ ಆಗೋ ತನಕ ಕುಲುಕಿ, ಆಮೇಲೆ ನೊರೆ ಇಳಿಯೋಕೆ ಬಿಡಿ ಅಂತ ಅದರ ಲೇಬಲ್ಲೇ ಹೇಳುತ್ತೆ.

ಪಾಪುವಿನಪ್ಪ:
ಬಾಟ್ಲಿ ತೆಗೆದ ದಿನಾಂಕ ಮಾರ್ಕರ್‌ನಲ್ಲಿ ಬರೀರಿ. ಕ್ಯಾನಿನ್ಸುಲಿನ್ ತೆರೆದ್ಮೇಲೆ 42 ದಿನ, ಪ್ರೋಜಿಂಕ್ 60 ದಿನ. ಗ್ಲಾರ್ಜಿನ್ ಪೆಟ್ಟಿಗೆ ಮೇಲೆ 28 ದಿನ ಅಂತ ಇರುತ್ತೆ, ಅದು ಮನುಷ್ಯರ ಲೆಕ್ಕ. ಬೆಕ್ಕಿಗೆ ಒಂದು ಬಾಟ್ಲಿ 10 ಎಂಎಲ್ ಅಂದ್ರೆ 1000 ಯುನಿಟ್, ದಿನಕ್ಕೆ 2 ಯುನಿಟ್, ಲೆಕ್ಕ ಹಾಕಿ, ವರ್ಷದ ಮೇಲೇ ಆಗುತ್ತೆ. ನಮ್ಮ ಡಾಕ್ಟ್ರು ಫ್ರಿಜ್‌ನಲ್ಲೇ ಇಟ್ಟು ತಿಳಿಯಾಗಿದ್ರೆ ಆರು ತಿಂಗಳ ತನಕ ಬಳಸಿ ಅಂದಿದಾರೆ, ನಿಮ್ಮ ಡಾಕ್ಟ್ರು ಏನಂತಾರೆ ಕೇಳಿ. ಶುಗರ್ ಸುಮ್ಸುಮ್ನೆ ಏರೋಕೆ ಶುರುವಾದ್ರೆ ಡೋಸ್ ಮೇಲೆ ಅನುಮಾನ ಪಡೋ ಮುಂಚೆ ಬಾಟ್ಲಿ ಮೇಲೆ ಪಡಿ. ಮತ್ತೆ ಎಳೆದ್ಮೇಲೆ ಜಾಸ್ತಿಯಾಯ್ತು ಅಂತ ಸಿರಿಂಜ್‌ನಿಂದ ಬಾಟ್ಲಿಗೆ ವಾಪಸ್ ತಳ್ಳಬೇಡಿ, ಸಿಂಕ್‌ಗೆ ಬಿಡಿ.

ಕಂಬಳಿಹುಳ:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಒಣ ಕಾಳು ಹಾಕ್ತಿದ್ರೆ ಅರ್ಧ ಯುದ್ಧ ಅಲ್ಲೇ ಸೋತ ಹಾಗೆ, ಕಾರ್ಬ್ ಕಮ್ಮಿ ಇರೋ, ಪ್ರೋಟೀನ್ ಜಾಸ್ತಿ ಇರೋ ಒದ್ದೆ ಊಟಕ್ಕೆ ಬದಲಾಯಿಸಿ. ನಾನಾಗಿದ್ರೆ ಇವತ್ತೇ ಬದಲಾಯಿಸ್ತಿದ್ದೆ.

ಮೂರುಬೆಕ್ಕಿನಜ್ಜಿ:
ಇವತ್ತೇ ಬೇಡಪ್ಪಾ! ಊಟ ಬದಲಾಯಿಸೋದು ಒಳ್ಳೇದೇ, ಆದ್ರೆ ಕಾರ್ಬ್ ಇಳಿದ್ರೆ ಶುಗರ್ ತಾನಾಗೇ ಇಳಿಯುತ್ತೆ, ಅದರ ಮೇಲೆ ಅದೇ ಇನ್ಸುಲಿನ್ ಬಿದ್ರೆ ಪಾತಾಳಕ್ಕೆ ಹೋಗುತ್ತೆ. ಡಾಕ್ಟ್ರಿಗೆ ಹೇಳಿ, ಮನೇಲಿ ಮೀಟರ್ ಇಟ್ಕೊಂಡು, ನಿಧಾನಕ್ಕೆ. ಮತ್ತೆ ಬೆಕ್ಕು ಹೊಸ ಊಟ ಬೇಡ ಅಂತ ಉಪವಾಸ ಕೂತ್ರೆ ಇನ್ನೊಂದು ತಲೆನೋವು, ತಿನ್ನದ ಬೆಕ್ಕಿಗೆ ಪೂರ್ತಿ ಡೋಸ್ ಕೊಡೋ ಹಾಗಿಲ್ಲ. ನಾವು ತಟ್ಟೆ ಮುಂದಿಟ್ಟು, ತಿನ್ನೋಕೆ ಶುರು ಮಾಡಿದ್ಮೇಲೇ ಸೂಜಿ ತೆಗೆಯೋದು.

ಗುಂಡನಮ್ಮ:
ಒಂಬತ್ತನೇ ದಿನ. ನಿನ್ನೆ ರಾತ್ರಿ ನಿದ್ದೆ ಇಲ್ಲ. ಕಿವಿ ಚುಚ್ಚೋದು ಈಗ ಬಂತು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕಿವಿಗೆ ಒಂದು ನಿಮಿಷ ಹಿಡಿದ್ರೆ ರಕ್ತ ಬರುತ್ತೆ, ಅಂಚಿನಲ್ಲಿ ಚುಚ್ಚಿ ಹಿಂದ್ಗಡೆ ಹತ್ತಿ ಒತ್ತಿ ಹಿಡೀಬೇಕು, ಇಲ್ಲಾಂದ್ರೆ ನಮ್ಮ ಬೆರಳೇ ಚುಚ್ಕೊಳ್ಳುತ್ತೆ (ಎರಡು ಸಲ ಆಯ್ತು). ರಾತ್ರಿ ಹನ್ನೆರಡಕ್ಕೆ ಸುಮ್ನೆ ನೋಡೋಣ ಅಂತ ನೋಡಿದ್ರೆ 74, ಅಪ್ಪನ ಮೀಟರ್‌ನಲ್ಲಿ. ಗುಂಡ ಚೆನ್ನಾಗೇ ಇದ್ದ, ಬಾಲ ಅಲ್ಲಾಡಿಸ್ತಾ ನನ್ನ ಮುಖ ನೋಡ್ತಿದ್ದ. ಜೇನುತುಪ್ಪದ ಬಾಟ್ಲಿ ಕೈಯಲ್ಲಿ ಹಿಡ್ಕೊಂಡು ಅಳ್ತಾ ಕೂತಿದ್ದೆ. ಕೊನೆಗೆ ಎರಡು ಚಮಚ ಊಟ ಕೊಟ್ಟೆ, ಅರ್ಧ ಗಂಟೆ ಬಿಟ್ಟು 91, ಆಮೇಲೆ 120. ನಾನು ಮಾಡಿದ್ದು ಸರಿನಾ?

ವೆಟ್‌ಓದೋಹುಡುಗ:
ತುಂಬಾ ಸರಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಮ್ಮಿ ತೋರಿಸುತ್ತೆ, ಬೆಕ್ಕಿಗೆ ಹೊಂದಿಸಿದ ಮೀಟರ್‌ನಲ್ಲಿ ಅದು 74ಕ್ಕಿಂತ ಮೇಲೇ ಬರ್ತಿತ್ತು. ತಪ್ಪಿಲ್ಲ, ಯಾವುದೋ ಒಂದೇ ಮೀಟರ್ ಹಿಡ್ಕೊಳ್ಳಿ, ಡಾಕ್ಟ್ರಿಗೆ ಯಾವ ಮೀಟರ್ ಅಂತ ಹೇಳಿ, ಎರಡರ ನಂಬರ್ ಬೆರೆಸಬೇಡಿ. ಲಕ್ಷಣ ಇಲ್ದೆ ಕಮ್ಮಿ ಇದ್ರೆ ಊಟ, ಮತ್ತೆ ನೋಡೋದು. ತೂರಾಟ, ನಡುಕ, ಮಂಕು ಇದ್ರೆ ಜೇನು ಅಥವಾ ಗ್ಲೂಕೋಸ್ ವಸಡಿಗೆ ಹಚ್ಚಿ ತಕ್ಷಣ ಆಸ್ಪತ್ರೆಗೆ. ಫಿಟ್ಸ್ ಬಂದಿದ್ರೆ, ಪ್ರಜ್ಞೆ ಇಲ್ದಿದ್ರೆ ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತೆ, ವಸಡಿಗೆ ಒಂಚೂರು ಸವರಿ ಹೊರಡಿ.

ಈ ನಂಬರ್ ಬೆಳಗ್ಗೆನೇ ಡಾಕ್ಟ್ರಿಗೆ ಕಳ್ಸಿ, ಡೋಸ್ ಇಳಿಸ್ತಾರೆ ಅನ್ಸುತ್ತೆ. ಇದು ಒಳ್ಳೇ ಸೂಚನೆನೂ ಆಗಿರಬಹುದು. ಶುರುವಲ್ಲೇ ಹಿಡಿತಕ್ಕೆ ಬಂದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡ ಅನ್ನೋ ಹಂತ ಬರುತ್ತೆ, ರೆಮಿಷನ್ ಅಂತಾರೆ. ನಾಯಿಗಳಲ್ಲಿ ಅದು ಕಾಣೋದೇ ಅಪರೂಪ. ಬಂದ್ರೂ ಮತ್ತೆ ವಾಪಸ್ ಬರಬಹುದು, ಮೀಟರ್ ಎಸೀಬೇಡಿ.

ಪಾಪುವಿನಪ್ಪ:
ಪದೇ ಪದೇ ಕಿವಿ ಚುಚ್ಚೋಕೆ ಮನಸ್ಸಾಗಲ್ಲ ಅಂದ್ರೆ ಮೈಗೆ ಅಂಟಿಸಿ ಶುಗರ್ ನೋಡೋ ಲಿಬ್ರೆ ಸೆನ್ಸರ್ ಕೇಳಿ ನೋಡಿ. ನಾಣ್ಯದಷ್ಟು ದೊಡ್ಡದು, ಕೂದಲು ಬೋಳಿಸಿ ಅಂಟಿಸ್ತಾರೆ, ಹೆಸರಿಗೆ 14 ದಿನ, ಪಾಪು ಆರನೇ ದಿನಕ್ಕೇ ಕಿತ್ತು ಸೋಫಾ ಕೆಳಗೆ ಹಾಕಿದ್ದ. ಆದ್ರೆ ಆ ಆರು ದಿನದಲ್ಲಿ ನಾನು ತಿಳ್ಕೊಂಡಿದ್ದು ಹಿಂದಿನ ಆರು ತಿಂಗಳಲ್ಲಿ ತಿಳ್ಕೊಂಡಿರ್ಲಿಲ್ಲ. ರಕ್ತಕ್ಕಿಂತ ಸ್ವಲ್ಪ ನಿಮಿಷ ಹಿಂದೆ ಇರುತ್ತೆ ಅದು, ತೀರಾ ಕಮ್ಮಿ ತೋರಿಸಿದ್ರೆ ಕಿವಿ ಚುಚ್ಚಿ ಖಾತ್ರಿ ಮಾಡ್ಕೊಳ್ಳಿ, ಅದರ ಮೇಲೆ ಮಲಗಿದ್ರೂ ಸುಳ್ಳು ನಂಬರ್ ಬರುತ್ತೆ.

ಗುಂಡನಮ್ಮ:
ಇಪ್ಪತ್ತಾರನೇ ದಿನ. ಡಾಕ್ಟ್ರು ಅರ್ಧ ಯುನಿಟ್‌ಗೆ ಇಳಿಸಿದ್ರು. ಬೆಳಗ್ಗೆ 190ರ ಆಸುಪಾಸು, ಮಧ್ಯಾಹ್ನ 110, 120. ಟ್ರೇಯಲ್ಲಿ ಈಗ ಮುಂಚಿನ ಅರ್ಧ ಕೂಡ ಒದ್ದೆ ಆಗಲ್ಲ, ತೂಕ 5.8. ಹಿಂಗಾಲು ಇನ್ನೂ ಹಾಗೇ ಇದೆ, ಓಡುವಾಗ ಮಾತ್ರ ಸ್ವಲ್ಪ ಎತ್ತಿದ ಹಾಗೆ ಅನ್ಸುತ್ತೆ, ನಂಗೆ ಹಾಗನ್ಸೋದೋ ನಿಜವೋ ಗೊತ್ತಿಲ್ಲ. ಫ್ರಿಜ್ ತೆಗೆದ ಸದ್ದಿಗೇ ಬಂದು ಅದೇ ಜಾಗದಲ್ಲಿ ಎಡ ಪಕ್ಕೆ ಕೊಟ್ಟು ಕೂರ್ತಾನೆ, ಸಂಜೆ ಬಲ ಅಂತ ಮಾತ್ರ ಇನ್ನೂ ಕಲಿತಿಲ್ಲ.

ಅಂದ ಹಾಗೆ ಬಳಸಿದ ಸಿರಿಂಜ್ ಎಲ್ಲಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕ್ತಿದೀನಿ, ಮುಕ್ಕಾಲು ತುಂಬಿದೆ. ಕಸಕ್ಕೆ ಹಾಗೇ ಹಾಕೋದಾ?

ಮೂರುಬೆಕ್ಕಿನಜ್ಜಿ:
ಬೇಡ ಮಗಳೇ, ಕಸ ಎತ್ತೋರ ಕೈಗೆ ಚುಚ್ಚುತ್ತೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಸೂಜಿ ಅಂತ ದೊಡ್ಡದಾಗಿ ಬರೆದು ಡಾಕ್ಟ್ರ ಹತ್ರ ಕೊಡು, ನಮ್ಮವರು ತಗೊಳ್ತಾರೆ, ನಿಮ್ಮವರನ್ನೂ ಕೇಳು.

ಗುಂಡನಮ್ಮ:
ಸರಿ ಅಜ್ಜಿ, ಬುಧವಾರ ಮತ್ತೆ ಫ್ರಕ್ಟೋಸಮೈನ್‌ಗೆ ಹೋಗ್ತಿದೀವಿ, ಆಗ ತಗೊಂಡು ಹೋಗ್ತೀನಿ. ಅಪ್ಪಂದು ಒಂದು ಡಬ್ಬಿ ಇದೆ, ಅದನ್ನೂ.